ತ್ಸುಮಾಗೊದಲ್ಲಿ ಒಂದು ರಾತ್ರಿ

ಜಪಾನಿನ ನಾಗೋಯಾದಲ್ಲಿ ಕೆಲಸಕ್ಕೆ ಸೇರಿದ ವರ್ಷ, ಬೆಟ್ಟಗಳ ನಡುವಿನ ಹಳೆಯ ಊರಾದ ತ್ಸುಮಾಗೊಗೆ ಮೊದಲ ಸಲ ಹೋಗಿದ್ದೆ. ಬಸ್ಸಿನಲ್ಲಿ ಊರಿನ ಬಾಗಿಲಿಗೆ ಇಳಿದು, ಜನಜಂಗುಳಿಯ ನಡುವೆ ಎರಡು ಗಂಟೆ ಓಡಾಡಿ, ಸಂಜೆಯ ರೈಲು ಹಿಡಿದೆ. ಮನೆಗೆ ಬಂದು ಯೋಚಿಸಿದರೆ ಅಂಗಡಿಗಳ ಹೊರತು ಏನೂ ನೆನಪಿಗೆ ಬರಲಿಲ್ಲ. ಮರುವರ್ಷ ನವೆಂಬರ್ ಕೊನೆಯಲ್ಲಿ ಬೇರೆಯೇ ರೀತಿ ಹೋದೆ: ನಡೆದು ಹೋಗಿ, ರಾತ್ರಿ ಅಲ್ಲೇ ಉಳಿದೆ.

ಎಡೊ ಕಾಲದಲ್ಲಿ (1603–1868) ಇಂದಿನ ಟೋಕಿಯೊದಿಂದ ಕ್ಯೋಟೊಗೆ ಬೆಟ್ಟಗಳ ನಡುವೆ ಹೋಗುತ್ತಿದ್ದ ಹೆದ್ದಾರಿ ನಾಕಾಸೆಂಡೊ. ಅದರ 69 ತಂಗುದಾಣಗಳಲ್ಲಿ ತ್ಸುಮಾಗೊ 42ನೆಯದು, ಮಾಗೊಮೆ 43ನೆಯದು. ಇವೆರಡರ ನಡುವಿನ ದಾರಿ ಸುಮಾರು 8 ಕಿ.ಮೀ. ನಾನು ಮಾಗೊಮೆಯಿಂದ ಹೊರಟೆ. ಅದು ಎತ್ತರದಲ್ಲಿರುವ ಊರು. ಅಲ್ಲಿಂದ ಏರು ಕಡಿಮೆ, ಇಳಿಜಾರು ಹೆಚ್ಚು. ನಾಗೋಯಾದಿಂದ ನಾಕಾತ್ಸುಗಾವಾಕ್ಕೆ ರೈಲು, ಅಲ್ಲಿಂದ ಬಸ್ಸು. ಬೆಳಿಗ್ಗೆ ಮಾಗೊಮೆಯ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ಚೀಲ ಒಪ್ಪಿಸಿದರೆ ಮಧ್ಯಾಹ್ನದ ಹೊತ್ತಿಗೆ ಅದು ತ್ಸುಮಾಗೊ ಸೇರಿರುತ್ತದೆ. ಚಳಿಗಾಲದಲ್ಲಿ ಈ ಸೌಲಭ್ಯ ಇರುವುದಿಲ್ಲ, ಮೊದಲೇ ವಿಚಾರಿಸಿಕೊಳ್ಳಬೇಕು. ಬೆನ್ನು ಹಗುರವಾಗಿದ್ದುದರಿಂದಲೇ ನಾನು ಕಣ್ಣೆತ್ತಿ ಕಾಡು ನೋಡಿದೆ.

ಸುಮಾರು 800 ಮೀಟರ್ ಎತ್ತರದ ಕಣಿವೆದಾರಿಯಲ್ಲಿ ಗಿಫು ಪ್ರಾಂತ್ಯ ಮುಗಿದು ನಾಗಾನೊ ಶುರುವಾಗುತ್ತದೆ. ದಾರಿಯುದ್ದಕ್ಕೂ ಅಲ್ಲಲ್ಲಿ ಗಂಟೆ ತೂಗುಹಾಕಿದ್ದಾರೆ. ಕರಡಿಗೆ ನಾವು ಬರುವುದು ಗೊತ್ತಾಗಲಿ ಎಂದು ಅದನ್ನು ಬಾರಿಸಬೇಕು. ನಾನು ಒಂದನ್ನೂ ಬಿಡಲಿಲ್ಲ. ಇಳಿಯುವಾಗ ಹಳೆಯ ಚಹಾ ಮನೆಯೊಂದು ಸಿಗುತ್ತದೆ. ಒಳಗೆ ನೆಲದ ಅಗ್ಗಿಷ್ಟಿಕೆಯಲ್ಲಿ ಬೆಂಕಿ. ಹಿರಿಯರೊಬ್ಬರು ಬಿಸಿ ಚಹಾ ಕೊಟ್ಟರು, ಹಣ ಕೇಳಲಿಲ್ಲ. ಪಕ್ಕದ ಡಬ್ಬಿಗೆ ಕೈಲಾದಷ್ಟು ಹಾಕಿ ಹೊರಟೆ.

ಸುತ್ತಲಿನದು ಹಿನೊಕಿ ಮರದ ಕಾಡು. ದೇವಸ್ಥಾನ ಕಟ್ಟುವ ಈ ಸುವಾಸನೆಯ ಮರವನ್ನು ಎಡೊ ಕಾಲದಲ್ಲಿ ಇಲ್ಲಿಯ ಜನ ಕಡಿಯುವಂತಿರಲಿಲ್ಲ. ‘ಒಂದು ಮರಕ್ಕೆ ಒಂದು ತಲೆ’, ಅಂದರೆ ಮರ ಕಡಿದರೆ ತಲೆ ಹೋದಂತೆ ಎಂಬ ಮಾತು ಈ ಕಣಿವೆಯಲ್ಲಿ ಇನ್ನೂ ಇದೆ. ತ್ಸುಮಾಗೊದ ವಾಕಿ ಹೊಂಜಿನ್ (ಹೆದ್ದಾರಿಯಲ್ಲಿ ಬರುವ ಗಣ್ಯರಿಗಾಗಿದ್ದ ಎರಡನೆಯ ವಸತಿಗೃಹ) ಒಕುಯಾ ಎಂಬ ದೊಡ್ಡ ಮನೆಯನ್ನು 1877ರಲ್ಲಿ, ಆ ನಿಷೇಧ ತೆಗೆದ ಮೇಲೆ, ಹಿನೊಕಿಯಲ್ಲೇ ಕಟ್ಟಿದರು. ಅದನ್ನು ತಿಳಿದು ನೋಡಿದಾಗ ಆ ಕಂಬಗಳನ್ನು ಮುಟ್ಟಬೇಕೆನಿಸಿತು.

ಊಟದ ವಿಷಯ ಸಸ್ಯಾಹಾರಿಗಳಿಗೆ ಹೇಳಲೇಬೇಕು. ‘ಮಾಂಸ ಬೇಡ’ ಎಂದರೆ ಸಾಲದು; ಅಲ್ಲಿನ ಸಾರುಗಳಿಗೆ ಮೂಲ ದಾಶಿ, ಅದನ್ನು ಹೆಚ್ಚಾಗಿ ಒಣಮೀನಿನಿಂದ ತೆಗೆಯುತ್ತಾರೆ. ಮಾಂಸ, ಮೀನು, ಮೀನಿನ ದಾಶಿ ಮೂರನ್ನೂ ತಿನ್ನುವುದಿಲ್ಲ ಎಂದು ಸಹೋದ್ಯೋಗಿಯಿಂದ ಜಪಾನಿ ಭಾಷೆಯಲ್ಲಿ ಬರೆಸಿ, ಕೋಣೆ ಕಾಯ್ದಿರಿಸುವಾಗಲೇ ಕಳಿಸಿದೆ. ಮಿನ್ಶುಕು, ಅಂದರೆ ಮನೆಯವರೇ ನಡೆಸುವ ವಸತಿಗೃಹದಲ್ಲಿ ಹೊತ್ತಿಗೆ ಮುಂಚೆ ಅಡುಗೆಗೆ ತಯಾರಿ ಆಗಿರುತ್ತದೆ, ಬಂದ ಮೇಲೆ ಹೇಳಿದರೆ ಅವರನ್ನು ಇಕ್ಕಟ್ಟಿಗೆ ಸಿಲುಕಿಸಿದಂತೆ. ಕಾಡುಸೊಪ್ಪನ್ನು ಹಿಟ್ಟಿನಲ್ಲಿ ಅದ್ದಿ ಕರಿದ ತೆಂಪುರಾ, ಅಣಬೆ, ತೋಫು, ಹೊಸಕ್ಕಿ ಅನ್ನ: ತಟ್ಟೆಯಲ್ಲಿ ಏನೂ ಉಳಿಸಲಿಲ್ಲ. ಹಗಲಿನಲ್ಲಿ ಬೀದಿಯಲ್ಲಿ ಗೊಹೆಯಿ ಮೊಚಿ ತಿಂದಿದ್ದೆ. ಅನ್ನ ಕುಟ್ಟಿ ಕಡ್ಡಿಗೆ ಮೆತ್ತಿ, ಅಕ್ರೋಟು, ಎಳ್ಳಿನ ಗೊಜ್ಜು ಸವರಿ ಕೆಂಡದಲ್ಲಿ ಸುಡುತ್ತಾರೆ.

ಕೊನೆಯ ಬಸ್ಸು ಹೋದ ಮೇಲೆ ಊರು ತನ್ನಷ್ಟಕ್ಕೆ ತಾನಾಯಿತು. ಅಂಗಡಿ ಹಲಗೆಗಳು ಮುಚ್ಚಿದವು, ಕಟಾಂಜನಗಳ ಹಿಂದೆ ಒಂದೊಂದೇ ದೀಪ. ತಲೆಯೆತ್ತಿದರೆ ವಿದ್ಯುತ್ ತಂತಿ ಕಾಣಲಿಲ್ಲ; ಮುಖ್ಯ ಬೀದಿಯಿಂದ ಅವನ್ನು ಮರೆಮಾಡಿದ್ದಾರೆ. ಹಿಂದೆ ರೈಲು ಮಾರ್ಗ ಕಿಸೊ ನದಿಯ ಬದಿಯಲ್ಲಿ ಬಂದ ಮೇಲೆ ಈ ಹಾದಿ ಬಡವಾಗಿ, ಮನೆಗಳು ಹಾಳುಬಿದ್ದಿದ್ದವು. 1968ರಲ್ಲಿ ಅವನ್ನು ಮೊದಲಿನಂತೆ ಸರಿಪಡಿಸುವ ಕೆಲಸ ಶುರುವಾಯಿತು. 1971ರಲ್ಲಿ ಊರವರೇ ಕಟ್ಟುಪಾಡು ಮಾಡಿಕೊಂಡರು: ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ. 1976ರಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಪ್ರದೇಶವೆಂದು ಆರಿಸಿತು.

ಆ ಮೂರು ಮಾತು ನನ್ನ ಎದೆಗೆ ತಾಗಿತು. ತೀರ್ಥಹಳ್ಳಿಯ ಹತ್ತಿರದ ನಮ್ಮ ತೊಟ್ಟಿ ಮನೆಯನ್ನು ನಾವು ಮಾರಿದೆವು. ಕೊಂಡವರು ಬೋದಿಗೆ, ತೊಲೆಗಳನ್ನು ಕಳಚಿ ಒಯ್ದರು. ಯಾರ ಮೇಲೂ ದೂರಿಲ್ಲ, ಅಪ್ಪನಿಗೆ ಆಗ ಬೇರೆ ದಾರಿಯಿರಲಿಲ್ಲ. ಆದರೆ ಅಲ್ಲಿ ಒಬ್ಬೊಬ್ಬರ ಕಷ್ಟ ಒಬ್ಬೊಬ್ಬರದೇ ಆಗಿತ್ತು. ತ್ಸುಮಾಗೊದಲ್ಲಿ ಊರೇ ಒಟ್ಟಾಗಿ ಭಾರ ಹೊತ್ತಿತು. ಆ ರಾತ್ರಿ ಬೀದಿಯ ತಿರುವಿನ ತನಕ ಮೂರು ಸಲ ನಡೆದು ಬಂದೆ.

ಬೆಳಿಗ್ಗೆ ಒಕುಯಾ ತೆರೆದೊಡನೆ ಒಳಗೆ ಹೋದೆ. ಚಳಿಗಾಲದ ಓರೆ ಬಿಸಿಲು ಕಟಾಂಜನದೊಳಗಿಂದ ತೂರಿ, ಅಗ್ಗಿಷ್ಟಿಕೆಯ ಹೊಗೆಯಲ್ಲಿ ಪಟ್ಟೆ ಪಟ್ಟೆಯಾಗಿ ನಿಂತಿತ್ತು. ಮಾರ್ಗದರ್ಶಕಿ ಮನೆಯ ಯಜಮಾನ ಎಲ್ಲಿ ಕೂರುತ್ತಿದ್ದ, ಹೆಂಗಸರಿಗೆ ಯಾವ ಜಾಗ ಎಂದು ಕೈ ತೋರಿಸಿ ವಿವರಿಸುತ್ತಿದ್ದರು. ಬಿಸಿಲಿನ ಪಟ್ಟೆಗಳು ಸರಿಯುವವರೆಗೂ ಕೂತಿದ್ದೆ. ಆಮೇಲೆ ಬಸ್ಸು ಬಿಟ್ಟು, ರೈಲು ನಿಲ್ದಾಣವಿರುವ ನಾಗಿಸೊವರೆಗೂ ನಡೆದೆ. ಅಲ್ಲಿ ಕಿಸೊ ನದಿಗೆ 1922ರಲ್ಲಿ ಕಟ್ಟಿದ ಮೊಮೊಸುಕೆ ಸೇತುವೆಯಿದೆ. 247 ಮೀಟರ್ ಉದ್ದದ, ಮರದ ಹಲಗೆಯ ತೂಗುಸೇತುವೆ. ರೈಲಿಗೆ ಇನ್ನೂ ಹೊತ್ತಿತ್ತು, ಆಚೆ ದಡ ಮುಟ್ಟಿ ತಿರುಗಿ ಬಂದೆ.