ಡಿಎಕ್ಸ್7 ಧ್ವನಿ ಬಿಡಿಸಿ ನೋಡುವವರಿಗೆ

ಯಮಹಾ ಡಿಎಕ್ಸ್7 (1983ರ ಸಿಂಥಸೈಜರ್ ಕೀಬೋರ್ಡ್) ಕೈಗೆ ಸಿಕ್ಕಿದ್ದರೆ ಅದರ ಧ್ವನಿಗಳು ಹೇಗೆ ಹುಟ್ಟುತ್ತವೆ ಅಂತ ಸುಮ್ನೆ ಕಿವಿಯಲ್ಲಿ ಕೇಳಿ ಊಹಿಸುತ್ತಾ ಕೂರಬೇಡಿ. ಮೊದಲು ಒಳಗಿನ 32 ಧ್ವನಿಗಳನ್ನೂ ಮಿಡಿ (ವಾದ್ಯವನ್ನು ಕಂಪ್ಯೂಟರಿಗೆ ಜೋಡಿಸುವ ವ್ಯವಸ್ಥೆ) ಮೂಲಕ ಸಿಸೆಕ್ಸ್ ಫೈಲ್ (ಧ್ವನಿಗಳ ಸೆಟ್ಟಿಂಗ್ ಇರುವ ಫೈಲ್) ಆಗಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಫೈಲ್ ಸರಿಯಾಗಿ 4104 ಬೈಟ್ ಇರಬೇಕು, ಕಮ್ಮಿ ಬಂದರೆ ಮತ್ತೆ ಕಳಿಸಿ. ಇದನ್ನು ಇವತ್ತೇ ಮಾಡಿ, ಯಾಕಂದ್ರೆ ಒಳಗಿನ ಬ್ಯಾಟರಿ ಸತ್ತರೆ ಹಿಂದೆ ಯಾರೋ ರಾತ್ರಿಯೆಲ್ಲ ಕೂತು ಮಾಡಿಟ್ಟ ಧ್ವನಿಗಳೂ ಅದರ ಜೊತೆಗೇ ಹೋಗಿಬಿಡುತ್ತವೆ, ಅವು ಬೇರೆಲ್ಲೂ ಸಿಗುವುದಿಲ್ಲ.

ಆಮೇಲೆ ಆ ಫೈಲನ್ನು ಡೆಕ್ಸೆಡ್‌ನಲ್ಲಿ ತೆರೆಯಿರಿ, ಅದು ಡಿಎಕ್ಸ್7ನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ಉಚಿತ ಸಾಫ್ಟ್‌ವೇರ್. ಒಂದೇ ಸ್ವರ, ಒಂದೇ ವೆಲಾಸಿಟಿ (ಕೀ ಒತ್ತುವ ರಭಸ) ಇಟ್ಟು ಡಿಎಕ್ಸ್7, ಡೆಕ್ಸೆಡ್ ಎರಡನ್ನೂ ರೆಕಾರ್ಡ್ ಮಾಡಿ. ಈಗ ಧ್ವನಿಯನ್ನು ಕಟ್ಟುವ ತರಂಗ ಘಟಕಗಳಾದ ಆರು ಆಪರೇಟರ್‌ಗಳನ್ನು ಒಂದೊಂದಾಗಿ ಆಫ್ ಮಾಡುತ್ತಾ ಹೋಗಿ. ಒಂದು ಪದರವೇ ಮಾಯವಾದರೆ ಅದು ಕ್ಯಾರಿಯರ್ (ಕಿವಿಗೆ ನೇರ ಕೇಳುವ ಆಪರೇಟರ್), ಧ್ವನಿ ಉಳಿದು ಹೊಳಪು ಮಾತ್ರ ಹೋದರೆ ಮಾಡ್ಯುಲೇಟರ್ (ಕ್ಯಾರಿಯರಿನ ಧ್ವನಿಯ ಬಣ್ಣ ಬದಲಿಸುವುದು). ಇ.ಪಿಯಾನೋ 1 ಎಂಬ ಕಾರ್ಖಾನೆಯ ಧ್ವನಿಯಿಂದ ಶುರು ಮಾಡಿ. ಅದು 5ನೇ ಅಲ್ಗಾರಿದಮ್ (ಆಪರೇಟರ್‌ಗಳನ್ನು ಜೋಡಿಸಿದ ರೀತಿ), ಎರಡೆರಡರ ಮೂರು ಜೋಡಿ. ಅದರಲ್ಲಿ 2ನೇ ಆಪರೇಟರ್ ಆಫ್ ಮಾಡಿ ನೋಡಿ, ಆ 'ಟಿಂಗ್' ಪೂರ್ತಿ ಹೋಗುತ್ತದೆ, ಅದರ ರೇಷಿಯೋ 14, ಅಂದರೆ ನುಡಿಸಿದ ಸ್ವರದ 14 ಪಟ್ಟು ಆವರ್ತನ. ಎಷ್ಟು ಚಂದ ಅಲ್ವಾ?

ಎಲ್ಲಾ ಹೊಂದಿದ ಮೇಲೂ ಹಳೆಯ ಡಿಎಕ್ಸ್7 ಸ್ವಲ್ಪ ಒರಟಾಗಿ ಕೇಳಿದರೆ ಪ್ಯಾಚ್ (ಧ್ವನಿಯ ಸೆಟ್ಟಿಂಗ್) ತಿದ್ದಬೇಡಿ, ಅದರ 12 ಬಿಟ್ ಡಿಎಸಿ (ಅಂಕಿಗಳನ್ನು ಕೇಳುವ ಧ್ವನಿಯ ಸಂಕೇತವಾಗಿಸುವ ಚಿಪ್) ಕಡೆ ನೋಡಿ.