ಉತ್ತರಾಣಿಯ ಕ್ಷಾರ ಬೆಳ್ಳಗೆ ಬಂದದ್ದು

ಕೊರಟಗೆರೆ ಸೀಮೆಯಲ್ಲಿ ಉತ್ತರಾಣಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಳೆಗಾಲ ಮುಗಿದ ಮೇಲೆ ಬೇಲಿಯ ಬದಿಯಲ್ಲಿ ನಡೆದರೆ ಅದರ ಮುಳ್ಳುಬೀಜವೇ ಪಂಚೆಗೆ ಅಂಟಿಕೊಂಡು ಮನೆಗೆ ಬರುತ್ತದೆ. ಬುಧನ ಸಮಿತ್ತಿಗೆಂದು ಪುರೋಹಿತರಿಗೂ, ಹಲ್ಲುಜ್ಜುವ ಕಡ್ಡಿಗೆಂದು ಹಿರಿಯರಿಗೂ ನಾನು ಅದನ್ನು ಬಹಳ ವರ್ಷ ಕಿತ್ತುಕೊಟ್ಟಿದ್ದೇನೆ. ಆದರೆ ಅದರಿಂದ ಕ್ಷಾರ, ಅಂದರೆ ಅದರ ಬೂದಿನೀರನ್ನು ಬತ್ತಿಸಿದರೆ ಸಿಗುವ ಔಷಧದ ಉಪ್ಪು, ತೆಗೆಯುತ್ತೇನೆಂದಾಗ, ಸಿದ್ಧರ ಬೆಟ್ಟದಲ್ಲಿ ನನ್ನೊಡನೆ ಗಿಡಮೂಲಿಕೆ ಆಯುವವರೇ ‘ಅದು ನಿನ್ನ ಒಲೆಯ ಮೇಲೆ ಆಗುವ ಕೆಲಸವಲ್ಲ’ ಎಂದರು.

ಮೊದಲ ವರ್ಷ ಅವರ ಮಾತೇ ನಿಜವಾಯಿತು. ಗಿಡ ಪೂರ್ತಿ ಒಣಗುವ ಮುಂಚೆಯೇ ಸುಟ್ಟಿದ್ದರಿಂದ ಬೂದಿಯಲ್ಲಿ ಕರಿ ಉಳಿದು, ಸೋಸಿದ ನೀರು ಚಹಾದ ಬಣ್ಣಕ್ಕೆ ತಿರುಗಿತು. ಅದನ್ನು ಬತ್ತಿಸಿದಾಗ ಸಿಕ್ಕಿದ್ದು ಕಂದು ಬಣ್ಣದ ಅಂಟು. ಎರಡನೆಯ ಸಲ ಬೂದಿ ಚೆನ್ನಾಗಿ ಬಂದರೂ, ಮನೆಯಲ್ಲಿದ್ದ ದೊಡ್ಡ ಅಲ್ಯೂಮಿನಿಯಂ ಡಬರಿಯಲ್ಲಿ ಕಾಯಿಸಿದೆ. ಕ್ಷಾರದ ನೀರು ಆ ಲೋಹವನ್ನೇ ತಿಂದು ನೊರೆಯುಕ್ಕಿಸಿತು, ತಳದಲ್ಲಿ ಗುಳಿಗಳು ಬಿದ್ದವು, ಮಾಲನ್ನೆಲ್ಲ ಚೆಲ್ಲಬೇಕಾಯಿತು. ಡಬರಿ, ಸೌದೆ, ಆಳಿನ ಕೂಲಿ ಎಲ್ಲ ಸೇರಿ ಸುಮಾರು ನಾಲ್ಕು ಸಾವಿರ ರೂಪಾಯಿ ಹೋಯಿತು.

ಮೂರನೆಯ ಸಲ ಸ್ಟೀಲ್ ಪಾತ್ರೆ ಕೊಂಡೆ. ಬೇರಿನ ಮಣ್ಣನ್ನು ತೊಳೆದು, ಗರಿಗರಿಯಾಗಿ ಒಣಗಿಸಿದ ಸುಮಾರು 20 ಕಿಲೋ ಗಿಡದಿಂದ ಎರಡು ಕಿಲೋಗೆ ತುಸು ಕಡಿಮೆ ಬಿಳಿಬೂದಿ ಬಂತು. ಅದಕ್ಕೆ ಆರು ಪಾಲು ನೀರು ಬೆರೆಸಿ ರಾತ್ರಿಯಿಡೀ ಬಿಟ್ಟು, ತಿಳಿಯನ್ನು 21 ಸಲ ಬಟ್ಟೆಯಲ್ಲಿ ಸೋಸಿದೆ. ಮುನ್ನೂರೈವತ್ತು ಗ್ರಾಮಿನಷ್ಟು ಕ್ಷಾರ ಕೈಗೆ ಸಿಕ್ಕಿತು. ಕೊನೆಗೆ ಉರಿಯನ್ನು ಯಾವಾಗ ಎಳೆಯಬೇಕೆಂಬುದನ್ನು ಮಾತ್ರ ನಾನು ಹೇಳಲಾರೆ. ಅದಕ್ಕೆ ನಾನು ಎರಡು ವರ್ಷ ಕೊಟ್ಟಿದ್ದೇನೆ.

ಭಾನುವಾರ ಸೂರ್ಯೋದಯಕ್ಕೆ ಮುಂಚೆ, ಕಬ್ಬಿಣ ತಾಗಿಸದೆ, ಅರಿಶಿನ ಕುಂಕುಮ ಇಟ್ಟು ಗಿಡವನ್ನು ಕೀಳಬೇಕೆಂಬುದು ನಮ್ಮಜ್ಜಿಯ ಕಟ್ಟಳೆ. ಹೆರಿಗೆ ಕಷ್ಟವಾದರೆ ಅವರು ಆ ಬೇರನ್ನು ಬಸುರಿಯ ಸೊಂಟಕ್ಕೆ ನೂಲಿನಲ್ಲಿ ಕಟ್ಟಿ, ಮಗು ಭೂಮಿಗೆ ಬಿದ್ದ ಕ್ಷಣವೇ ಬಿಚ್ಚುತ್ತಿದ್ದರು. ತಡವಾದರೆ ಗರ್ಭಕೋಶವೇ ಇಳಿಯುತ್ತದೆಂಬ ಭಯ ಅವರಿಗಿತ್ತು. ಇದನ್ನೂ ಪರೀಕ್ಷಿಸೋಣವೆಂದು ಒಂದು ಹೊರೆಯನ್ನು ಕಟ್ಟಳೆಯಂತೆ ಕಿತ್ತೆ, ಇನ್ನೊಂದನ್ನು ನಡುಮಧ್ಯಾಹ್ನ ಕುಡುಗೋಲಿನಿಂದ ಕೊಯ್ದೆ. ಕ್ಷಾರದ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೂ ಬೇರು ತೆಗೆಯುವಾಗ ನಾನು ಆ ಕಟ್ಟಳೆಯನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಬಸುರಿಯರಿಗೆ ಹೊಟ್ಟೆಗೆ ಮಾತ್ರ ಎಂದೂ ಕೊಡುವುದಿಲ್ಲ. ಚೇಳು ಕಡಿದ ಮಕ್ಕಳನ್ನು ಬೇರು ಅರೆಯುತ್ತ ಕೂರಿಸಿಕೊಳ್ಳದೆ ನೇರವಾಗಿ ಆಸ್ಪತ್ರೆಗೆ ಕಳುಹಿಸುತ್ತೇನೆ.

ನನ್ನ ಕ್ಷಾರವನ್ನು ತುಮಕೂರಿನ ಆಯುರ್ವೇದ ವೈದ್ಯರೊಬ್ಬರು ಭಗಂದರಕ್ಕೆ, ಅಂದರೆ ಗುದದ ಬಳಿ ಕೀವು ಸೋರುವ ನಾಳದಂಥ ಹುಣ್ಣಿಗೆ, ಕಟ್ಟುವ ಔಷಧದ ದಾರವಾದ ಕ್ಷಾರಸೂತ್ರ ಮಾಡಲು ಒಯ್ಯುತ್ತಾರೆ. ಆ ದಾರಕ್ಕೆ ಎಲೆಗಳ್ಳಿಯ ಹಾಲು 11 ಸಲ, ಹಾಲಿನೊಡನೆ ಕ್ಷಾರ 7 ಸಲ, ಹಾಲಿನೊಡನೆ ಅರಿಶಿನ 3 ಸಲ ಬಳಿಯುತ್ತಾರೆ. ಮೊದಲ ದಿನ ಅವರು ಅಂಗೈಯಲ್ಲಿ ಅರಿಶಿನ ಕಲಸಿಕೊಂಡು, ನನ್ನ ಕ್ಷಾರದ ಒಂದು ಚಿಟಿಕೆ ಉದುರಿಸಿದರು. ಅರಿಶಿನ ಅಲ್ಲಿಯೇ ದೃಷ್ಟಿ ತೆಗೆಯುವ ಕುರುದಿ ನೀರಿನಂತೆ ಕೆಂಪಾಯಿತು. ಅವರು ಬೆಲೆಯನ್ನು ಆಮೇಲೆ ಕೇಳಿದರು.