ತಲೆಕೆಳಗಾಗಿ ನೇಯ್ದ ಹೆಯ್ಬೆ

ಕತ್ತೆಯ ಬೆನ್ನಿನ ಎರಡೂ ಬದಿಗೆ ಇಳಿಬೀಳುವ ಜೋಡಿಚೀಲವನ್ನು ಟರ್ಕಿಯಲ್ಲಿ ಹೆಯ್ಬೆ ಎನ್ನುತ್ತಾರೆ. ಕೋನ್ಯಾದಲ್ಲಿದ್ದ ಎರಡು ವರ್ಷಗಳಲ್ಲಿ ನಾನು ನೇಯ್ದು ಮುಗಿಸಿದ್ದು ಒಂದೇ ಒಂದು, ಅದೂ ಹೆಗಲಿಗೆ ಹಾಕಿಕೊಳ್ಳುವಷ್ಟು ಚಿಕ್ಕದು. ಕಲಿಸಿದವರು ಪಕ್ಕದ ಮನೆಯ ಹಿರಿಯರು. ಅಲ್ಲಿನ ರೂಢಿಯಂತೆ ಅವರನ್ನು ‘ತೆಯ್ಜೆ’ ಎಂದು ಕರೆಯುತ್ತಿದ್ದೆ, ನಮ್ಮಲ್ಲಿ ಚಿಕ್ಕಮ್ಮ ಎಂದಂತೆ.

ಹೆಯ್ಬೆ ಮಗ್ಗದಲ್ಲಿ ಒಂದೇ ಉದ್ದನೆಯ ಪಟ್ಟಿ. ತುದಿಗಳನ್ನು ಮಡಚಿ ಪಕ್ಕಗಳನ್ನು ಹೊಲಿದರೆ ಎರಡು ಜೇಬುಗಳಾಗುತ್ತವೆ. ಇದು ಗೊತ್ತಿದ್ದೂ ನಾನು ಎಡವಿದೆ. ‘ಎಲಿ ಬೆಲಿಂದೆ’ ಎಂಬ ಚಿತ್ತಾರವಿದೆ: ಸೊಂಟದ ಮೇಲೆ ಕೈಯಿಟ್ಟು ನಿಂತ ಹೆಂಗಸು. ಮೊದಲ ಜೇಬಿನಲ್ಲಿ ಅವಳನ್ನು ನೆಟ್ಟಗೆ ನೇಯ್ದೆ. ತೆಯ್ಜೆ ಏನೂ ಹೇಳದೆ ಕಾಗದದ ಪಟ್ಟಿಯೊಂದರ ಮೇಲೆ ಬೊಂಬೆ ಬರೆದು ಮಡಚಿ ತೋರಿಸಿದರು, ಬೊಂಬೆ ತಲೆಕೆಳಗಾಯಿತು. ಮೊದಲ ಜೇಬಿನ ನೇಯ್ಗೆ ಶುರುವಾಗುವುದೇ ಬಾಯಿಯ ಕಡೆಯಿಂದ, ಆದ್ದರಿಂದ ಅಲ್ಲಿ ಚಿತ್ತಾರವನ್ನು ತಲೆಕೆಳಗಾಗಿಯೇ ಕೂರಿಸಬೇಕು. ಎರಡನೆಯದರಲ್ಲಿ ನೆಟ್ಟಗೆ. ಮೂರು ವಾರದ ಕೆಲಸವನ್ನು ಒಂದು ಸಂಜೆ ಬಿಚ್ಚಿದೆ.

ಕಿಲಿಮ್ ಎಂಬ ಗಂಟಿಲ್ಲದ ಚಪ್ಪಟೆ ನೇಯ್ಗೆಯಲ್ಲಿ ಪ್ರತಿ ಬಣ್ಣದ ಹೊಕ್ಕು, ಅಂದರೆ ಅಡ್ಡ ಎಳೆ, ತನ್ನ ಗಡಿಯಿಂದ ಹಿಂದಿರುಗುತ್ತದೆ. ಎರಡು ಬಣ್ಣಗಳ ಗಡಿ ನೇರ ಮೇಲಕ್ಕೆ ಹೋದಲ್ಲಿ ಸೀಳು ಉಳಿಯುತ್ತದೆ. ಭಾರ ಹೊರುವ ಚೀಲಕ್ಕೆ ಅದು ದುರ್ಬಲ ಜಾಗ. ಹಾಗಾಗಿ ನಾನು ಆರಿಸಿಕೊಂಡದ್ದು ಸುಮಾಕ್ ಎಂಬ ಸುತ್ತುನೇಯ್ಗೆ. ಬಣ್ಣದ ಉಣ್ಣೆಯನ್ನು 4 ಹಾಸಿನೆಳೆಗಳ (ಉದ್ದ ಎಳೆಗಳ) ಮೇಲೆ ಮುಂದಕ್ಕೆ ಒಯ್ದು, 2 ಎಳೆಗಳ ಅಡಿಯಿಂದ ಹಿಂದಕ್ಕೆ ತಂದು, ಹೀಗೆಯೇ ಸುತ್ತುತ್ತಾ ಸಾಗಬೇಕು. ಸಾಲು ಮುಗಿದ ಮೇಲೆ ತೆಳ್ಳನೆಯ ಸಾದಾ ಹೊಕ್ಕು ಹಾಯಿಸಿ, ಕಿರ್ಕಿತ್ ಎಂಬ ಭಾರವಾದ ಬಾಚಣಿಗೆಯಿಂದ ಬಡಿಯಬೇಕು. ನನ್ನ ಕೈ ಬಿಗಿ. ಅಂಚುಗಳು ಒಳಕ್ಕೆ ಸರಿದು ಪಟ್ಟಿ ಸೊಂಟದಂತೆ ಕಿರಿದಾಯಿತು. ಸಾದಾ ಹೊಕ್ಕನ್ನು ಎಳೆಯದೆ ಕಮಾನಿನಂತೆ ಸಡಿಲ ಬಿಟ್ಟು ಬಡಿಯತೊಡಗಿದ ಮೇಲೆ ಅಗಲ ನಿಂತಿತು.

ಜೇಬಿನ ಬಾಯಿಯಲ್ಲಿ ಮಾತ್ರ ಸೀಳುಗಳು ಬೇಕೇ ಬೇಕು. ಎದುರಿನ ಅಂಚಿನ ಕುಣಿಕೆಗಳು ಆ ಸೀಳುಗಳಿಂದ ಹೊರಬಂದು ಒಂದರೊಳಗೊಂದು ತೂರಿಕೊಂಡು ಸರಪಳಿಯಾಗುತ್ತವೆ. ಕೊನೆಯ ಕುಣಿಕೆಗೊಂದು ಬೀಗ ಹಾಕಿದರೆ ಇಡೀ ಬಾಯಿ ಭದ್ರ. ಇಷ್ಟು ಸರಳವಾದ, ಇಷ್ಟು ಚೆಂದದ ಜಾಣ್ಮೆಯನ್ನು ನಾನು ಬೇರೆ ಯಾವ ಚೀಲದಲ್ಲಿಯೂ ಕಂಡಿಲ್ಲ.

ಈಗ ಇರಾಕ್–ಇರಾನ್ ಗಡಿಯ ಜಾಫ್ ಬುಡಕಟ್ಟಿನ ಕುರ್ದರ ಗಂಟುನೇಯ್ಗೆಯನ್ನು ಹಿಡಿದಿದ್ದೇನೆ. ಅವರ ಚೀಲಗಳ ಮುಖದ ತುಂಬ ಕೊಕ್ಕೆಗಳಿರುವ ವಜ್ರಾಕೃತಿಗಳು. ಮೇಲಿನ ಸಾಲಿನ ಗಂಟು ಕೆಳಗಿನದರ ನೇರಕ್ಕೆ ಕೂರದೆ ಒಂದು ಎಳೆ ಪಕ್ಕಕ್ಕೆ ಸರಿಯುತ್ತದೆ, ಅದರಿಂದ ಓರೆಗೆರೆ ನುಣುಪಾಗುತ್ತದೆ. ನನ್ನ ಚೌಕಟ್ಟಿನ ಮೇಲಿನ ವಜ್ರದ ಅಂಚು ಇನ್ನೂ ಮೆಟ್ಟಿಲು ಮೆಟ್ಟಿಲಾಗಿಯೇ ಏರುತ್ತಿದೆ.